ಮೊದಲು ಹೋಗುವುದನ್ನು ಮೊದಲು ಬರೆದಿಡಿ

ಎಂಬತ್ತು ದಾಟಿದ ರೋಗಿಯ ಹುಣ್ಣಿನ ಡ್ರೆಸಿಂಗ್ ಬದಲಿಸಲು ಸುಮಾರು ಅರ್ಧ ಗಂಟೆ ಬೇಕು. ಆಗ ಕೈಗೆ ಕೆಲಸವಿರುತ್ತದೆ, ಕಿವಿ ಬಿಡುವಾಗಿರುತ್ತದೆ. ಮನೆಗಳಿಗೇ ಹೋಗಿ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆ ಮಾಡುವ ನಮ್ಮಂಥ ನರ್ಸುಗಳು ಮತ್ತು ಸ್ವಯಂಸೇವಕರು ಕೇಳುವ ಬದುಕಿನ ಕಥೆಗಳೆಲ್ಲ ಬರುವುದು ಆ ಅರ್ಧ ಗಂಟೆಯಲ್ಲೇ. ಕೇಳುತ್ತ ಕೇಳುತ್ತ ನಮ್ಮಲ್ಲಿ ಹಲವರು ಸ್ವಂತ ಬದುಕನ್ನೂ ಬರೆದಿಡಲು, ರೆಕಾರ್ಡ್ ಮಾಡಿಡಲು ಶುರು ಮಾಡಿದೆವು. ರೋಗಿಗಳು ಹೇಳಿದ್ದರಿಂದ ಹುರುಪು ಬಂತು. ಯಾವುದನ್ನು ಮೊದಲು ಬರೆಯಬೇಕು ಎಂಬ ಲೆಕ್ಕ ಮಾತ್ರ ಸಿಕ್ಕಿದ್ದು ಅವರು ಹೇಳಲಾರದೆ ಹೋದದ್ದರಿಂದ: ಫೋಟೋದಲ್ಲಿ ಪಕ್ಕಕ್ಕೆ ನಿಂತವರ ಹೆಸರು, ಆಪರೇಷನ್ ಆದ ವರ್ಷ, ಯಾವ ಮಾತ್ರೆಗೆ ಮೈಯೆಲ್ಲ ದದ್ದು ಎದ್ದಿತ್ತು ಎಂಬುದು, ಕೆಲವರಿಗೆ ದನಿಯೇ.

ಬಹುತೇಕರು ಬದುಕನ್ನು ಬರೆಯಲು ಕೂತಾಗ ಹುಟ್ಟಿದ ಊರಿನಿಂದ ಆರಂಭಿಸುತ್ತಾರೆ. ಮುದ್ದಾದ ನಾಲ್ಕು ಪುಟ ಆಗುತ್ತದೆ, ಹೈಸ್ಕೂಲು ಬರುವಷ್ಟರಲ್ಲಿ ನೋಟ್‌ಬುಕ್ ಅಟ್ಟ ಸೇರುತ್ತದೆ. ಬಾಲ್ಯ ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುವ ಸಂಗತಿಗಳು ಬೇರೆ ಇವೆ, ಅವಕ್ಕೊಂದು ಕ್ರಮವೂ ಇದೆ. ಆ ಕ್ರಮವನ್ನೇ ದಾಖಲೆಯ ಕ್ರಮವಾಗಿ ಹಿಡಿದರೆ ಕೆಲಸ ನಡುವೆ ನಿಂತರೂ ಮುಖ್ಯವಾದದ್ದು ಉಳಿದಿರುತ್ತದೆ.

ಹಳೆಯದನ್ನು ಮೆಲುಕು ಹಾಕುವುದನ್ನು ಒಂದು ಕಾಲದಲ್ಲಿ ವೈದ್ಯರೂ ಅರಳು ಮರಳು ಎಂದೇ ಬಗೆಯುತ್ತಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರ ಲೇಖನವೊಂದರಲ್ಲಿ ಅದು ಕಾಯಿಲೆಯ ಲಕ್ಷಣವಲ್ಲ, ಸಾವು ಹತ್ತಿರವಾದಾಗ ಮನಸ್ಸು ತನ್ನ ಬದುಕಿನ ಲೆಕ್ಕ ನೋಡಿಕೊಳ್ಳುವ ಸಹಜ ಕೆಲಸ ಎಂದು ವಾದಿಸಿದರು. ಕೆನಡಾದ ವಿನಿಪೆಗ್‌ನ ಮನೋವೈದ್ಯ ಹಾರ್ವೆ ಚೊಚಿನೊವ್ ಅದನ್ನು ಒಂದು ವಿಧಾನವಾಗಿ ಕಟ್ಟಿದರು: ರೋಗಿಯೊಂದಿಗೆ ಅರ್ಧದಿಂದ ಒಂದು ಗಂಟೆ ಮಾತು, ಧ್ವನಿಮುದ್ರಣ, ಅದನ್ನು ಬರಹಕ್ಕಿಳಿಸಿ ತಿದ್ದುವುದು, ರೋಗಿಗೆ ಓದಿ ಹೇಳಿ ಅವರು ಹೇಳಿದಂತೆ ಸರಿಪಡಿಸುವುದು, ಕೊನೆಗೆ ಪ್ರತಿಯನ್ನು ಅವರ ಕೈಗೇ ಕೊಡುವುದು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೊನೆಯ ಹಂತದ 100 ರೋಗಿಗಳಿದ್ದರು. ಅವರಲ್ಲಿ 91 ಜನ ತೃಪ್ತಿ ಹೇಳಿದರು. ಅಮೆರಿಕದ ಮ್ಯಾಡಿಸನ್‌ನಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯೊಂದು 2013ರಿಂದ ಇಂಥದ್ದೇ ಕೆಲಸ ಮಾಡುತ್ತಿದೆ. ಅಲ್ಲಿ ರೋಗಿಯ ಕಥೆ ಅವರ ವೈದ್ಯಕೀಯ ಕಡತದೊಳಗೇ ಸೇರುತ್ತದೆ, ಡ್ಯೂಟಿಗೆ ಬಂದ ವೈದ್ಯರು ರಕ್ತದ ರಿಪೋರ್ಟಿನ ಜೊತೆಗೇ ಅದನ್ನೂ ಓದಬಹುದು.

ಒಂದು ಗೆರೆ ಮೊದಲೇ ಎಳೆದುಕೊಳ್ಳಬೇಕು. ರೋಗಿ ಹೇಳಿದ ಕಥೆ ರೋಗಿಯದು. ಅದು ನಮ್ಮ ನೋಟ್‌ಬುಕ್ಕಿಗೆ ಬರಬಾರದು, ಹೆಸರು ತೆಗೆದು ಹಾಕಿದರೂ ಬರಬಾರದು. ಊರು, ಕಸುಬು, ಕಾಯಿಲೆ ಮೂರು ಗೊತ್ತಾದರೆ ಸಣ್ಣ ಊರಿನಲ್ಲಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅವರಿಂದ ನಾವು ತಂದುಕೊಂಡದ್ದು ವಿಧಾನ ಮಾತ್ರ.

ಹೋಗುವ ಕ್ರಮ

ಎಲ್ಲಕ್ಕಿಂತ ಮೊದಲು, ಎಚ್ಚರಿಕೆಯನ್ನೇ ಕೊಡದೆ ಹೋಗುವುದು ದನಿ. ತಂಬಾಕು, ಗುಟ್ಕಾ, ಬೀಡಿಯಿಂದ ಬಾಯಿ ಗಂಟಲಿನ ಕ್ಯಾನ್ಸರ್ ಬರುವವರು ನಮ್ಮಲ್ಲಿ ಬಹಳ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದರೆ ಆಪರೇಷನ್ ದಿನವೇ ಆ ದನಿ ಮುಗಿಯಿತು. ರೋಗ ಪತ್ತೆಯಾದ ಮೇಲೆ ಉಳಿಯುವ ಕೆಲವು ವಾರಗಳು ಸ್ಕ್ಯಾನು, ಹಣದ ಓಡಾಟ, ವಿಮೆ ಕಾರ್ಡಿನ ಸಹಿಗಳಲ್ಲಿ ಕಳೆದುಹೋಗುತ್ತವೆ. ರೆಕಾರ್ಡ್ ಮಾಡಬೇಕೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆದರೆ ಮಾತೂ ಬಲಗೈಯೂ ಒಂದೇ ಬೆಳಗ್ಗೆ ಹೋಗಬಹುದು. ಹೇಳಿ ಬರೆಸೋಣ ಎಂದರೆ ಮಾತಿಲ್ಲ, ತಾನೇ ಬರೆಯೋಣ ಎಂದರೆ ಕೈಯಿಲ್ಲ. ಪಾರ್ಕಿನ್ಸನ್ಸ್‌ನಲ್ಲಿ ನಿಧಾನ: ದನಿ ತಗ್ಗುತ್ತ ಪಿಸುಮಾತಾಗುತ್ತದೆ, ಅಕ್ಷರ ಸಾಲಿನ ಕೊನೆಗೆ ಹೋದಂತೆ ಸಾಸಿವೆ ಕಾಳಾಗುತ್ತದೆ. ಆದ್ದರಿಂದ ಬದುಕಿನ ದಾಖಲೆಯ ಮೊದಲ ಕೆಲಸ ಪೆನ್ನು ಹಿಡಿಯುವುದಲ್ಲ, ಆರೋಗ್ಯವಾಗಿರುವಾಗಲೇ ಹತ್ತು ನಿಮಿಷದ ದನಿಯನ್ನು ಹಿಡಿದಿಡುವುದು. ಏನು ಮಾತಾಡಿದರೂ ಸರಿ. ಮಕ್ಕಳನ್ನು ದಿನವೂ ಕರೆಯುವ ಹಾಗೆ ಹೆಸರು ಹಿಡಿದು ಕರೆಯುವುದು, ನಗುವುದು, ಗೊಣಗುವುದು ಅದರಲ್ಲಿ ಇರಲೇಬೇಕು. ಮನೆಯವರು ಆಮೇಲೆ ಹುಡುಕುವುದು ಅದನ್ನೇ.

ಎರಡನೆಯದು ಹೆಸರು. ಮರೆವಿನ ಕಾಯಿಲೆ ಇಲ್ಲದವರಲ್ಲೂ ವಯಸ್ಸಾದಂತೆ ಮೊದಲು ಜಾರುವುದು ವ್ಯಕ್ತಿಗಳ ಹೆಸರು. ಮುಖ ನೆನಪಿರುತ್ತದೆ, ಅವರ ನಡಿಗೆ ನೆನಪಿರುತ್ತದೆ, ಹೆಸರು ನಾಲಿಗೆ ತುದಿಯಲ್ಲಿ ನಿಲ್ಲುತ್ತದೆ. ಹಳ್ಳಿಯ ಹಿರಿಯರಲ್ಲಿ ಇನ್ನೊಂದು ತೊಡಕಿದೆ: ಅವರು ಊರಿನ ಹೆಸರು, ಹೊಲದ ಹೆಸರು ಹೇಳುತ್ತಾರೆ, ಅದು ನಕ್ಷೆಯಲ್ಲಿ ಇರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಶರಾವತಿ ಕಣಿವೆಯ ಹಳ್ಳಿಗಳು, ಆಲಮಟ್ಟಿ ಹಿನ್ನೀರು ನುಂಗಿದ ಹಳೇ ಬಾಗಲಕೋಟೆಯ ಓಣಿಗಳು ಈಗ ಹಿರಿಯರ ಬಾಯಲ್ಲಿ ಮಾತ್ರ ಇವೆ. ಗದ್ದೆಗೆ, ಕೆರೆಗೆ, ಬೀದಿ ತಿರುವಿಗೆ ನೀವು ಕರೆಯುವ ಹೆಸರುಗಳನ್ನು ಒಂದು ಪುಟದಲ್ಲಿ ಬರೆದಿಡಿ. ಜನರ ಹೆಸರಿಗೆ ಇನ್ನೊಂದು ಪುಟ. ಅಲ್ಲಿ ಹೆಸರೊಂದೇ ಸಾಲದು, ಮನೆಯಲ್ಲಿ ಕರೆಯುತ್ತಿದ್ದ ಅಡ್ಡಹೆಸರು ಮತ್ತು ನಿಮಗೆ ಏನಾಗಬೇಕು ಎಂಬುದೂ ಬೇಕು. ‘ಚಿಕ್ಕಪ್ಪ’ ಎಂದಷ್ಟೇ ಬರೆದರೆ ಮುಂದಿನ ತಲೆಮಾರಿಗೆ ಅಪ್ಪನ ತಮ್ಮನೋ ಚಿಕ್ಕಮ್ಮನ ಗಂಡನೋ ಗೊತ್ತಾಗದು.

ಮೂರನೆಯದು ಇತ್ತೀಚಿನದು. ಆಲ್‌ಝೈಮರ್‌ನಲ್ಲಿ ನಿನ್ನೆಯದು ಮೊದಲು ಅಳಿಸುತ್ತದೆ, ಐವತ್ತು ವರ್ಷದ ಹಿಂದಿನದು ಬಹಳ ಕಾಲ ನಿಲ್ಲುತ್ತದೆ. ಕಾಯಿಲೆ ಇಲ್ಲದವರ ನೆನಪಿನಲ್ಲೂ ಒಂದು ಓರೆ ಇದೆ. ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ನೆನಪುಗಳು ಯಾರಲ್ಲೇ ಆದರೂ ದಟ್ಟ ಎಂದು ನೆನಪನ್ನು ಅಧ್ಯಯನ ಮಾಡಿದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅದರ ಇನ್ನೊಂದು ಮಗ್ಗುಲು ನಮಗೆ ದಿನವೂ ಕಾಣುತ್ತದೆ. ಅಜ್ಜಿಯೊಬ್ಬರು ಮದುವೆಯ ದಿನದ ಅಡುಗೆ, ಸೀರೆಯ ಅಂಚು, ಗಾಡಿಯ ಎತ್ತಿನ ಹೆಸರು ಎಲ್ಲ ಹೇಳುತ್ತಾರೆ. ನಂತರದ ಇಪ್ಪತ್ತೈದು ವರ್ಷ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: “ಆಮೇಲೇನು, ಮಕ್ಕಳು ಓದಿದ್ರು, ಮದುವೆ ಆಯ್ತು.” ನಲವತ್ತರಿಂದ ಅರವತ್ತರವರೆಗೆ ಬದುಕು ಒಂದೇ ತರಹದ ದಿನಗಳಿಂದ ತುಂಬಿರುತ್ತದೆ, ಹಿಡಿದಿಡಲು ಕೊಕ್ಕೆ ಸಿಗುವುದಿಲ್ಲ. ಈಗ ನಿಮಗೆ ನಲವತ್ತೈದಾಗಿದ್ದರೆ ಬರೆಯಬೇಕಾದದ್ದು ಈ ವರ್ಷವನ್ನೇ: ಬೆಳಗ್ಗೆ ಎಷ್ಟಕ್ಕೆ ಏಳುತ್ತೀರಿ, ಹಾಲಿಗೆ ಎಷ್ಟು, ಮನೆ ಬಾಡಿಗೆ ಎಷ್ಟು, ಆಫೀಸಿಗೆ ಯಾವ ಬಸ್ಸು, ಯಾರ ಜೊತೆ ಮಾತು ಬಿಟ್ಟಿದ್ದೀರಿ. ಬರೆಯುವಾಗ ಬೇಸರ ತರುವ ವಿವರವೇ ಇಪ್ಪತ್ತು ವರ್ಷದ ನಂತರ ಎಲ್ಲಿಯೂ ಸಿಗದ ವಿವರ.

ಬಹಳ ಕಾಲ ಉಳಿಯುವುದು ಹಾಡು, ಪ್ರಾರ್ಥನೆ, ಕೈಯ ಅಭ್ಯಾಸ. ಮಗಳ ಹೆಸರು ಮರೆತವರು ಭಜನೆಯ ಚರಣವನ್ನು ತಪ್ಪಿಲ್ಲದೆ ಹಾಡುತ್ತಾರೆ, ಹೂವು ಕೊಟ್ಟರೆ ಬೆರಳು ತಾನಾಗಿ ಮಾಲೆ ಕಟ್ಟುತ್ತದೆ. ಇವನ್ನು ವಿಡಿಯೋ ಮಾಡಿಡಿ. ಅವಸರವಿಲ್ಲ, ಕೊನೆಗೆ ಮಾಡಿದರೂ ನಡೆಯುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ಮರೆವಿನ ಕಾಯಿಲೆ ಬಲಿತಾಗ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಮನೆಮಾತು ಮುಂದೆ ಬರುವುದುಂಟು. ನಲವತ್ತು ವರ್ಷ ಮುಂಬಯಿಯಲ್ಲಿ ಹಿಂದಿ ಆಡಿದವರು ತುಳುವಿಗೆ, ಬೆಂಗಳೂರಿನಲ್ಲಿ ಪೇಟೆ ಕನ್ನಡ ಆಡಿದವರು ಹವ್ಯಕ ಕನ್ನಡಕ್ಕೋ ಕೊಂಕಣಿಗೋ ಮರಳುತ್ತಾರೆ. ಆಗ ಮೊಮ್ಮಕ್ಕಳಿಗೆ ಅರ್ಥವಾಗುವುದಿಲ್ಲ. ರೆಕಾರ್ಡ್ ಮಾಡುವಾಗ ಮನೆಮಾತಿನಲ್ಲೇ ಮಾತಾಡಿ. ‘ನಾನು ಇಂತಹ ಗ್ರಾಮದಲ್ಲಿ ಜನಿಸಿದೆನು’ ಎಂಬ ಭಾಷಣದ ಕನ್ನಡ ಬಾಯಿಗೆ ಬಂದ ತಕ್ಷಣ ಅರ್ಧ ಸಂಗತಿ ಬಾಯಿಂದ ಹೊರಗೇ ಬರುವುದಿಲ್ಲ.

ಇಸವಿ ಹಿಡಿಯುವುದು

ಹಿರಿಯರ ಹುಟ್ಟಿದ ದಿನಾಂಕ ಆಧಾರ್ ಕಾರ್ಡಿನಲ್ಲಿ ಬಹಳ ಸಲ ಜೂನ್ 1 ಅಥವಾ ಜನವರಿ 1 ಇರುತ್ತದೆ. ಜೂನ್ 1 ಎಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಕೂಡಿಬರುವಂತೆ ಬರೆದುಕೊಂಡ ದಿನ, ಜನವರಿ 1 ಎಂದರೆ ವರ್ಷ ಮಾತ್ರ ಗೊತ್ತಿದ್ದವರಿಗೆ ಆಧಾರ್ ನೋಂದಣಿಯಲ್ಲಿ ಹಾಕಿದ ದಿನ. ನಿಜವಾದ ದಿನವನ್ನು ಹುಡುಕಲು ಹಿರಿಯರೇ ಕೊಡುವ ಸುಳಿವು ಪಂಚಾಂಗದ್ದು. ‘ಕ್ರೋಧಿ ಸಂವತ್ಸರ, ಆರಿದ್ರಾ ಮಳೆ’ ಎಂದರೆ ಸಾಕು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 2024ರ ಯುಗಾದಿಯಿಂದ 2025ರ ಯುಗಾದಿವರೆಗೆ ಕ್ರೋಧಿ ಇತ್ತು, ಅದಕ್ಕೆ ಮೊದಲಿನದು 1964-65. ಆರಿದ್ರಾ ಮಳೆ ಹುಟ್ಟುವುದು ಜೂನ್ 21-22ರ ಹೊತ್ತಿಗೆ, ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಅಲ್ಲಿಗೆ 1964ರ ಜೂನ್ ಕೊನೆ ಅಥವಾ ಜುಲೈ ಮೊದಲ ವಾರ ಎಂದಾಯಿತು. ಎಡವುವುದು ಜನವರಿಯಿಂದ ಯುಗಾದಿವರೆಗಿನ ತಿಂಗಳುಗಳಲ್ಲಿ: 1965ರ ಫೆಬ್ರವರಿ ಕೂಡ ಕ್ರೋಧಿಗೇ ಸೇರುತ್ತದೆ, ಲೆಕ್ಕ ಹಾಕುವವರು ಅದನ್ನು ಮರೆತು ಒಂದು ವರ್ಷ ಹಿಂದೆ ಬರೆದುಬಿಡುತ್ತಾರೆ.

ಪಂಚಾಂಗ ನೆನಪಿಲ್ಲದವರಿಗೆ ನಾಡಿನ ಘಟನೆಗಳು ಗೂಟ. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1. ತುರ್ತು ಪರಿಸ್ಥಿತಿ 1975ರ ಜೂನ್. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತದ್ದು 1978. ಉತ್ತರ ಕರ್ನಾಟಕದ ಮೇಲೆ ಹಾದುಹೋದ ಖಗ್ರಾಸ ಸೂರ್ಯಗ್ರಹಣ 1980ರ ಫೆಬ್ರವರಿ 16. “ಆಗ ನೀವು ಯಾವ ಮನೆಯಲ್ಲಿದ್ರಿ?” ಎಂದು ಕೇಳಿದರೆ ಉತ್ತರ ಬರುತ್ತದೆ. “ಯಾವ ಇಸವಿ?” ಎಂದರೆ ಬರುವುದಿಲ್ಲ. ತಾಯಂದಿರ ಲೆಕ್ಕ ಇದಕ್ಕಿಂತ ಗಟ್ಟಿ. ‘ಎರಡನೇದು ಹೊಟ್ಟೆಯಲ್ಲಿದ್ದಾಗ’, ‘ಚಿಕ್ಕವನಿಗೆ ಹಲ್ಲು ಬರುವಾಗ’ ಎಂದವರ ಇಸವಿ ತಪ್ಪುವುದು ಅಪರೂಪ.

ನಿಮ್ಮ ಬದುಕಿಗೆ ಇದನ್ನು ಹೊಂದಿಸುವುದು ಹೀಗೆ. 200 ಪುಟದ ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಹುಟ್ಟಿದ ವರ್ಷದಿಂದ ಇಂದಿನವರೆಗೆ ಪ್ರತಿ ವರ್ಷಕ್ಕೆ ಐದು ಸಾಲು ಬಿಟ್ಟು ಅಂಚಿನಲ್ಲಿ ಇಸವಿ ಬರೆಯಿರಿ. ಎಡ ಪುಟದಲ್ಲಿ ಮಾತ್ರ ಬರೆಯಿರಿ. ಬಲ ಪುಟ ಖಾಲಿ, ಅದು ಆಮೇಲೆ ಬರುವ ತಿದ್ದುಪಡಿಗೆ, ತಂಗಿಯ ತಕರಾರಿಗೆ. ಮೊದಲ ಸುತ್ತಿನಲ್ಲಿ ನೆನಪಿನಿಂದ ಏನನ್ನೂ ಬರೆಯಬೇಡಿ, ಬೀರುವಿನಲ್ಲಿರುವ ಕಾಗದಗಳಿಂದ ತುಂಬಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮನೆ ಬಾಡಿಗೆ ಕರಾರು, ಎಲ್‌ಐಸಿ ಬಾಂಡು, ಗ್ಯಾಸ್ ಕನೆಕ್ಷನ್ ಪುಸ್ತಕ, ಮಕ್ಕಳ ಚುಚ್ಚುಮದ್ದಿನ ಕಾರ್ಡು, ಹಳೇ ಪಾಸ್‌ಬುಕ್. ಇವುಗಳ ಮೇಲೆಲ್ಲ ತಾರೀಖು ಇದೆ, ಬಹುಪಾಲಿನ ಮೇಲೆ ವಿಳಾಸವೂ ಇದೆ. ಲಗ್ನಪತ್ರಿಕೆ ಎಲ್ಲಕ್ಕಿಂತ ಒಳ್ಳೆಯದು: ತಾರೀಖು, ತಿಥಿ, ಮುಹೂರ್ತ, ಛತ್ರ, ಎರಡೂ ಮನೆಯ ಹಿರಿಯರ ಹೆಸರು ಒಂದೇ ಹಾಳೆಯಲ್ಲಿ. ನೆನಪಿನಿಂದ ಶುರು ಮಾಡಿದರೆ ಏನಾಗುತ್ತದೆ? ತಪ್ಪು ಇಸವಿ ಒಂದು ಸಲ ಬರೆದುಬಿಟ್ಟರೆ ಅದರ ಸುತ್ತ ಉಳಿದ ನೆನಪೂ ಹೊಂದಿಕೊಂಡು ಕೂರುತ್ತದೆ. ನಾಲ್ಕು ಘಟನೆಗಳು ಒಟ್ಟಿಗೆ ತಪ್ಪು ಇಸವಿಗೆ ಸರಿದ ಮೇಲೆ ಬಿಡಿಸುವುದು ಕಷ್ಟ.

ಕೇಳುವ ಬಗೆ

“ನಿಮ್ಮ ಜೀವನದ ಬಗ್ಗೆ ಹೇಳಿ” ಎಂದರೆ ಹಿರಿಯರು ಕೊಡುವ ಉತ್ತರ ಒಂದೇ: “ಏನಿದೆ ಹೇಳೋಕೆ, ಬಿಡವ್ವ.” ಅದೇ ಪ್ರಶ್ನೆ ನಿಮಗೆ ನೀವೇ ಹಾಕಿಕೊಂಡರೂ ಫಲ ಅದೇ. ದೊಡ್ಡ ಪ್ರಶ್ನೆಗೆ ನೆನಪು ಬಾಗಿಲು ತೆರೆಯುವುದಿಲ್ಲ. ಕೆಲಸಕ್ಕೆ ಬರುವುದು ಮನೆಯ ನಕ್ಷೆ. “ಅಜ್ಜೀ, ನೀವು ಹುಟ್ಟಿದ ಮನೆ ಬಾಗಿಲು ಯಾವ ದಿಕ್ಕಿಗಿತ್ತು?” ಎಂದು ಕೇಳಿ ಖಾಲಿ ಹಾಳೆಯ ಮೇಲೆ ಒಂದು ಚೌಕ ಬರೆದರೆ ಸಾಕು. ಜಗಲಿ, ಪಡಸಾಲೆ, ನಡುಮನೆ, ಅಟ್ಟ, ಬಚ್ಚಲ ಹಂಡೆ, ಕೊಟ್ಟಿಗೆ ಎಂದು ಅವರೇ ಕೈಯಾಡಿಸಿ ತೋರಿಸುತ್ತಾರೆ. ಒಳಗೆ ಹೊಕ್ಕ ಮೇಲೆ ಕೇಳುವುದು ಸುಲಭ: ಒರಳು ಎಲ್ಲಿತ್ತು, ಯಾರು ರುಬ್ಬುತ್ತಿದ್ದರು, ಕತ್ತಲಾದ ಮೇಲೆ ದೀಪ ಎಲ್ಲಿ, ಮಳೆಗಾಲದಲ್ಲಿ ಸೋರುತ್ತಿದ್ದ ಜಾಗ ಯಾವುದು, ಮುಟ್ಟಾದಾಗ ಎಲ್ಲಿ ಕೂರಿಸುತ್ತಿದ್ದರು. ನಕ್ಷೆ ಚೆಂದ ಇರಬೇಕಾಗಿಲ್ಲ, ದಿಕ್ಕು ಮಾತ್ರ ಸರಿಯಿರಬೇಕು. ನೀವು ಈವರೆಗೆ ವಾಸಿಸಿದ ಪ್ರತಿ ಮನೆ, ಹಾಸ್ಟೆಲ್, ಪೀಜಿಗೂ ಇಂಥ ಒಂದೊಂದು ಹಾಳೆ ಮಾಡಿ. ಬೇರೆ ಯಾವ ಉಪಾಯವೂ ಇದರಷ್ಟು ಕೊಡುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎರಡನೆಯ ಪ್ರಶ್ನೆ ದುಡ್ಡಿನದು. ಮೊದಲ ಸಂಬಳ ಎಷ್ಟು, ಅದರಲ್ಲಿ ಏನು ಕೊಂಡಿರಿ, ಯಾರ ಕೈಗೆ ಕೊಟ್ಟಿರಿ. ಯಾರಿಗೆ ಸಾಲ ತೀರಿಸಬೇಕಿತ್ತು. ಸಂಕೋಚದವರೂ ದುಡ್ಡಿನ ಲೆಕ್ಕವನ್ನು ಬಿಚ್ಚಿ ಹೇಳುತ್ತಾರೆ, ಲೆಕ್ಕದ ಬೆನ್ನಿಗೇ ಅವಮಾನ, ಹಟ, ಪ್ರೀತಿ ಎಲ್ಲ ಬರುತ್ತವೆ. ಚೊಚಿನೊವ್ ಅವರ ಪ್ರಶ್ನೆಗಳು ಇದಕ್ಕಿಂತ ಮೇಲಿನ ಹಂತದವು: ಯಾವಾಗ ಬದುಕು ತುಂಬಿ ಹರಿಯುತ್ತಿದೆ ಅನಿಸಿತ್ತು, ಮನೆಯವರು ನಿಮ್ಮ ಬಗ್ಗೆ ಏನು ತಿಳಿದಿರಬೇಕು, ಅವರಿಗೆ ಹೇಳದೆ ಉಳಿದದ್ದೇನು. ಇವನ್ನು ಮೊದಲ ದಿನ ಕೇಳಿದರೆ ಉಪದೇಶ ಬರುತ್ತದೆ. ಮೂರು ನಾಲ್ಕು ಮನೆಗಳ ನಕ್ಷೆ ಮುಗಿದ ಮೇಲೆ ಕೇಳಿದರೆ ಉತ್ತರ ಬರುತ್ತದೆ.

ಹೆಂಗಸರ ವಿಷಯದಲ್ಲಿ ಕೇಳುವವರು ಇನ್ನಷ್ಟು ಹುಷಾರಾಗಿರಬೇಕು. ತಮ್ಮ ಕಥೆ ಎಂದು ಅವರು ಹೇಳುವುದು ಬಹುಪಾಲು ಗಂಡನ ವರ್ಗಾವಣೆ, ಮಕ್ಕಳ ಓದು. ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಹಳೆಯ ಹೆಸರನ್ನು ಯಾರೂ ಕೇಳಿರುವುದಿಲ್ಲ. “ಅಮ್ಮಾ, ತವರಿನಲ್ಲಿ ನಿಮ್ಮನ್ನ ಏನಂತ ಕರೀತಿದ್ರು?” ಎಂಬ ಒಂದೇ ಪ್ರಶ್ನೆ ಮಾತನ್ನು ಅವರ ಕಡೆಗೆ ತಿರುಗಿಸುತ್ತದೆ. ಸ್ವಂತ ಬದುಕು ಬರೆಯುವ ಹೆಂಗಸರು ವರ್ಷಪಟ್ಟಿಯಲ್ಲಿ ತಮ್ಮ ಬಗ್ಗೆ ಒಂದು ಸಾಲೂ ಇಲ್ಲದ ವರ್ಷಗಳನ್ನು ಗುರುತು ಹಾಕಿಕೊಂಡು ಅಲ್ಲಿಂದ ಶುರು ಮಾಡಲಿ.

ಪ್ರಶ್ನೆ ಕೇಳಿ ಸುಮ್ಮನಿರುವುದು ಕಷ್ಟದ ಕೆಲಸ. ಉತ್ತರ ಮುಗಿಯಿತು ಅನಿಸಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹಿರಿಯರು ಮುಖ್ಯವಾದದ್ದನ್ನು ಆ ಮೌನದ ನಂತರ ಹೇಳುತ್ತಾರೆ. ಒಬ್ಬರೇ ಕೂತು ಫೋನಿಗೆ ಮಾತಾಡಿದರೆ ದನಿ ಬಿಗಿಯುತ್ತದೆ, ಐದು ನಿಮಿಷದಲ್ಲಿ ಮಾತು ಬತ್ತುತ್ತದೆ. ಎದುರಿಗೆ ಒಬ್ಬರು ಬೇಕು. ಮಗ ಮಗಳು ಎದುರಿದ್ದರೆ ಕೆಲವು ಸಂಗತಿ ತಾನಾಗಿ ನುಂಗಿಹೋಗುತ್ತದೆ. ಅಕ್ಕ ತಂಗಿ, ಹಳೆಯ ಸಹಪಾಠಿ, ಅಥವಾ ಮೊಮ್ಮಕ್ಕಳ ವಯಸ್ಸಿನವರು ವಾಸಿ.

ಹಿರಿಯರ ಮಾತು ರೆಕಾರ್ಡ್ ಮಾಡುವುದಾದರೆ ಹೊತ್ತು ನೋಡಿಕೊಳ್ಳಿ. ಸ್ನಾನ, ತಿಂಡಿ, ಮಾತ್ರೆ ಆದ ಮೇಲಿನ ಗಂಟೆ ಒಳ್ಳೆಯದು. ನೋವಿಗೆ ಮಾರ್ಫಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹಿಡಿಯಲು ಅರ್ಧ ಗಂಟೆಯಾದರೂ ಬೇಕು. ಆಗಷ್ಟೇ ಶುರುವಾದ, ಅಥವಾ ಪ್ರಮಾಣ ಏರಿಸಿದ ದಿನಗಳಲ್ಲಿ ತೂಕಡಿಕೆ ಇರುತ್ತದೆ, ಕೂರಿಸಬೇಡಿ. ಮರೆವಿನ ಕಾಯಿಲೆಯವರಿಗೆ ಸಂಜೆ ಗಲಿಬಿಲಿ ಹೆಚ್ಚು. ಹಲ್ಲಿನ ಸೆಟ್ಟು ಬಾಯಲ್ಲಿರಲಿ, ಕಿವಿಯ ಯಂತ್ರ ಹಾಕಿರಲಿ, ಕನ್ನಡಕ ಒರೆಸಿರಲಿ, ಕೈಗೆಟಕುವಂತೆ ನೀರಿರಲಿ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ತೀಕ್ಷ್ಣ ಶ್ರುತಿ, ಕೂಗಿದರೆ ದನಿ ಇನ್ನೂ ಏರಿ ಇನ್ನೂ ಕೇಳದಂತಾಗುತ್ತದೆ. ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ಎದುರು ಕೂತು, ತಗ್ಗಿದ ದನಿಯಲ್ಲಿ, ಬಿಡಿಸಿ ಮಾತಾಡಿ. ನಲವತ್ತು ನಿಮಿಷ ಮೀರಬೇಡಿ. ಅಳು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ, ಮುಂದುವರಿಸಬೇಕೋ ಬೇಡವೋ ಅವರನ್ನೇ ಕೇಳಿ.

ಫೋನು, ಕಾಗದ, ಫೋಟೋ

ದುಬಾರಿ ಸಲಕರಣೆ ಬೇಕಿಲ್ಲ, ಫೋನಿನ ರೆಕಾರ್ಡರ್ ಸಾಕು. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಕರೆ ಬಂದ ಕ್ಷಣ ರೆಕಾರ್ಡಿಂಗ್ ನಿಂತು ಅದು ಗೊತ್ತೂ ಆಗುವುದಿಲ್ಲ. ಬಾಯಿಂದ ಒಂದು ಗೇಣು ಒಂದೂವರೆ ಗೇಣು ದೂರದಲ್ಲಿ, ಮಡಿಸಿದ ಟವೆಲ್ ಮೇಲೆ ಇಡಿ. ಬರೀ ಟೇಬಲ್ಲಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಬರುತ್ತದೆ. ಫ್ಯಾನ್ ಆಫ್ ಮಾಡಿ. ಕುಕ್ಕರ್ ಸೀಟಿ, ಮಿಕ್ಸಿ ಮುಗಿಯಲಿ. ಒಂದು ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ ನೋಡಿದ ಮೇಲೆ ಶುರು ಮಾಡಿ. ಮೊದಲ ಮಾತು ದಿನಾಂಕ, ಊರು, ಯಾರು ಮಾತಾಡುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ. ಫೈಲಿನ ಹೆಸರು ಕಳೆದುಹೋದರೂ ದನಿಯೊಳಗೆ ಅದು ಉಳಿದಿರುತ್ತದೆ. ದನಿಯನ್ನು ಕುಗ್ಗಿಸಿಡುವ ಎಂ4ಎ ಬಗೆಯ ಫೈಲು ಸಾಧಾರಣ ಗುಣಮಟ್ಟದಲ್ಲಿ (64 ಕೆಬಿಪಿಎಸ್) ಗಂಟೆಗೆ ಸುಮಾರು 29 ಎಂಬಿ, ಕುಗ್ಗಿಸದೆ ಇಡುವ ವೇವ್ ಫೈಲಾದರೆ 300 ಎಂಬಿ ದಾಟುತ್ತದೆ. ಮಾತಿಗೆ ಎಂ4ಎ ಸಾಕು, ಹಾಡು ಇದ್ದರೆ ವೇವ್. ಹಳೆಯ ಫೋನುಗಳ ಎಎಂಆರ್ ಎಂಬ ಬಗೆಯ ಫೈಲು ಬೇಡ, ಅದರಲ್ಲಿ ದನಿ ಡಬ್ಬಿಯೊಳಗಿಂದ ಬಂದಂತಿರುತ್ತದೆ. ಫೈಲಿನ ಹೆಸರನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಕೊಟ್ಟರೆ ತಾನಾಗಿ ಸಾಲಾಗಿ ನಿಲ್ಲುತ್ತವೆ: 2025-08-15, ಮನೆ ನಕ್ಷೆ, ಒಂದು.

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಅಭ್ಯಾಸ ಇದ್ದವರಿಗೂ ನಾಲ್ಕೈದು ಗಂಟೆ ಬೇಕು. ಎಲ್ಲವನ್ನೂ ಇಳಿಸಲು ಹೊರಟವರು ಸೋಲುತ್ತಾರೆ. ಎಷ್ಟನೆಯ ನಿಮಿಷದಲ್ಲಿ ಏನಿದೆ ಎಂಬ ಪಟ್ಟಿ ಮಾಡಿ, ಬೇಕಾದ ತುಂಡು ಮಾತ್ರ ಬರೆದುಕೊಳ್ಳಿ. ಫೋನಿನ ಕನ್ನಡ ಧ್ವನಿ ಟೈಪಿಂಗ್ ಪೇಟೆ ಮಾತಿಗೆ ಪರವಾಗಿಲ್ಲ. ಕುಂದಾಪುರದ ಮಾತನ್ನೋ ಧಾರವಾಡದ ಮಾತನ್ನೋ ಕೊಟ್ಟರೆ ತನಗೆ ತಿಳಿದ ಶಬ್ದಕ್ಕೆ ತಿರುಚಿಬಿಡುತ್ತದೆ, ಹೆಸರುಗಳನ್ನಂತೂ ನಂಬಲೇಬಾರದು. ಟೈಪ್ ಮಾಡುವುದು ಯಾವ ಫೋನು ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಉಳಿಸಿದ ಫೈಲು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಗುರುತು. ಅಂಥವು ಮನೆಯಲ್ಲಿದ್ದರೆ ಪರಿವರ್ತಕದಲ್ಲಿ ಹಾಕಿ ಈಗಲೇ ಬದಲಿಸಿಕೊಳ್ಳಿ.

ಕೈಬರಹಕ್ಕೆ ಬಾಲ್ ಪೆನ್ನು ಅಥವಾ ಪೆನ್ಸಿಲ್. ಹಲವು ಜೆಲ್ ಪೆನ್ನುಗಳ ಶಾಯಿ ಒಂದು ಹನಿ ನೀರಿಗೆ ಹರಡುತ್ತದೆ, ಮಲೆನಾಡು ಕರಾವಳಿಯ ಮಳೆಗಾಲದ ತೇವವೇ ಅದಕ್ಕೆ ಸಾಕು. ಅಕ್ಷರ ದಪ್ಪಗಿರಲಿ, ಸಾಲು ಬಿಟ್ಟು ಸಾಲು ಬರೆಯಿರಿ. ಪೊರೆ ಬಂದ ಕಣ್ಣಿನಲ್ಲಿ ಅದನ್ನು ಓದಬೇಕಾದವರು ನೀವೇ ಆಗಿರಬಹುದು.

ಫೋಟೋಗೆ ಹೆಸರು ಬರೆಯುವುದು ಎಲ್ಲರೂ ಮುಂದೂಡುವ ಕೆಲಸ. ಹಳೆಯ ಕಪ್ಪುಬಿಳುಪು ಫೋಟೋದ ಬೆನ್ನು ಕಾಗದ, ಅಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಅಂಚಿನ ಬಳಿ ಹಗುರವಾಗಿ ಬರೆಯಬಹುದು. ಒತ್ತಿದರೆ ಮುಂದೆ ಉಬ್ಬು ಕಾಣುತ್ತದೆ. ಕಲರ್ ಫೋಟೋಗಳ ಬೆನ್ನಿಗೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಪೆನ್ಸಿಲ್ ಹಿಡಿಯದು, ಪೆನ್ನು ಒರೆಸಿ ಪಕ್ಕದ ಫೋಟೋಗೆ ಅಂಟುತ್ತದೆ. ಅವನ್ನು ಕಾಗದದ ಕವರಿಗೆ ಹಾಕಿ ಕವರಿನ ಮೇಲೆ ಬರೆಯಿರಿ. ಅಂಟು ಹಾಳೆಯ ಆಲ್ಬಮ್ಮಿನಲ್ಲಿರುವುದನ್ನು ಕೀಳುವ ಮೊದಲು ಹಾಳೆ ಸಮೇತ ಒಂದು ಚಿತ್ರ ತೆಗೆದುಕೊಳ್ಳಿ, ಆಮೇಲೆ ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು (ಡೆಂಟಲ್ ಫ್ಲಾಸ್) ಹಿಂದೆ ತೂರಿಸಿ ಗರಗಸದಂತೆ ಎಳೆಯಿರಿ. ಗಾಜಿಗೆ ಅಂಟಿಹೋದ ಫೋಟೋವನ್ನು ಕೀಳಲೇಬೇಡಿ, ಗಾಜಿನ ಮೇಲಿಂದಲೇ ಅದರ ಚಿತ್ರ ತೆಗೆಯಿರಿ: ಕಿಟಕಿ ಬೆಳಕು, ಫ್ಲಾಶ್ ಇಲ್ಲ, ಹೊಳಪು ಕಂಡರೆ ಚೂರು ಓರೆ. ಇದನ್ನು ವಾಟ್ಸ್ಯಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಗುಂಪಿನ ಫೋಟೋದಲ್ಲಿ ಎಡದಿಂದ ಬಲಕ್ಕೆ ಹೆಸರು. ಗೊತ್ತಿಲ್ಲದವರಿಗೆ ಪ್ರಶ್ನೆ ಚಿಹ್ನೆ ಹಾಕಿ, ಊಹೆಯನ್ನು ಹೆಸರಿನಂತೆ ಬರೆಯಬೇಡಿ.

ಏನು ಬೇಡ, ಏನು ಬೇರೆ

ಒಂದು ಪುಟ ಆರೋಗ್ಯಕ್ಕೆ ಮೀಸಲಿಡಿ, ಅದು ನೋಟ್‌ಬುಕ್ಕಿನ ಮೊದಲ ಪುಟವಾಗಿರಲಿ. ಯಾವ ವರ್ಷ ಯಾವ ಆಪರೇಷನ್, ಏನನ್ನು ತೆಗೆದರು, ಒಳಗೆ ಏನನ್ನು ಹಾಕಿದರು, ಸ್ಟೆಂಟ್ ಅಥವಾ ಪೇಸ್‌ಮೇಕರ್ ಕಾರ್ಡ್ ಎಲ್ಲಿದೆ, ಯಾವ ಔಷಧಿ ಆಗಿಬರುವುದಿಲ್ಲ ಮತ್ತು ತಗೊಂಡಾಗ ಏನಾಯಿತು, ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿಗೆ ಯಾವ ಕಾಯಿಲೆ. ‘ಗರ್ಭಕೋಶದ ಆಪರೇಷನ್ ಆಗಿದೆ’ ಎನ್ನುತ್ತಾರೆ, ತೆಗೆದರೋ ಹೊಲಿದರೋ, ಅಂಡಾಶಯ ಉಳಿದಿದೆಯೋ ಯಾರಿಗೂ ತಿಳಿಯದು. ಡಿಸ್ಚಾರ್ಜ್ ಸಮ್ಮರಿಯ ಫೋಟೋ ತೆಗೆದು ಜೊತೆಗಿಟ್ಟರೆ ಆ ತಲೆನೋವಿಲ್ಲ. ಮಾತ್ರೆಗೆ ಕಂಪನಿಯ ಹೆಸರಿಗಿಂತ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಬರೆಯಿರಿ.

ಬದುಕಿನ ದಾಖಲೆಯೊಳಗೆ ಆಸ್ತಿ ಹಂಚಿಕೆ ಬರೆಯಬೇಡಿ. ಹಿರಿಯರು ಎರಡನ್ನೂ ಬೆರೆಸುತ್ತಾರೆ, ನಂತರ ಮಕ್ಕಳು ಆ ನೋಟ್‌ಬುಕ್ಕನ್ನೇ ಹಿಡಿದು ಜಗಳಕ್ಕೆ ಬೀಳುತ್ತಾರೆ. ಉಯಿಲು ಬೇರೆ ಕಾಗದ: ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು, ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂಬ ಮುಂಗಡ ನಿರ್ದೇಶನವೂ ಬೇರೆ. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಮಾನ್ಯ ಮಾಡಿತು, 2023ರಲ್ಲಿ ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಪಾಸ್‌ವರ್ಡು, ಪಿನ್ನು, ಆಧಾರ್ ಸಂಖ್ಯೆ ಈ ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಬೇಡ.

ಮನೆಯ ಗುಟ್ಟುಗಳ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಬದುಕಿರುವವರಿಗೆ ನೋವಾಗುವಂಥದ್ದನ್ನು ಬೇರೆ ಲಕೋಟೆಯಲ್ಲಿ ಮುಚ್ಚಿ, ಯಾವಾಗ ತೆರೆಯಬೇಕೆಂದು ಮೇಲೆ ಬರೆದಿಡುವುದು ಒಂದು ದಾರಿ. ಬರೆಯದೇ ಇರುವುದು ಇನ್ನೊಂದು. ಒಂದೇ ಘಟನೆಯನ್ನು ಅಣ್ಣ ಒಂದು ತರಹ, ತಂಗಿ ಒಂದು ತರಹ ಹೇಳಿದರೆ ತೀರ್ಪು ಕೊಡಲು ಹೋಗಬೇಡಿ. ಯಾರು ಯಾವಾಗ ಹೇಳಿದರೆಂದು ನಮೂದಿಸಿ ಎರಡನ್ನೂ ಉಳಿಸಿ. ಬಲ ಪುಟ ಖಾಲಿ ಬಿಟ್ಟದ್ದು ಅದಕ್ಕೇ.

ಇನ್ನು ಉಳಿದದ್ದು ಪ್ರತಿಗಳು. ಒಟ್ಟು ಮೂರು, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ತಂಗಿಯ ಮನೆಯಲ್ಲೋ ಕ್ಲೌಡಿನಲ್ಲೋ ಒಂದು. ಕರೆಂಟು ಕಾಣದೆ ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದ ಪೆನ್‌ಡ್ರೈವನ್ನು ನಂಬಬೇಡಿ, ಅದರೊಳಗಿನದು ಮೆಲ್ಲಗೆ ಸವೆಯುತ್ತದೆ. ಆಯುಧಪೂಜೆಗೆ ಕಂಪ್ಯೂಟರು ಒರೆಸುವ ದಿನ ಎಲ್ಲ ಫೈಲುಗಳನ್ನೂ ಒಮ್ಮೆ ತೆರೆದು ನೋಡುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ತೆರೆಯದ ಫೈಲು ಕಂಡರೆ ಇನ್ನೊಂದು ಪ್ರತಿಯಿಂದ ಅಂದೇ ನಕಲು ಮಾಡಿ. ಕ್ಲೌಡ್ ಖಾತೆಯ ಒಡೆಯರು ತೀರಿಕೊಂಡರೆ ಯಾರು ಅದನ್ನು ತೆರೆಯಬಹುದು ಎಂಬ ವ್ಯವಸ್ಥೆ ಗೂಗಲ್, ಆ್ಯಪಲ್ ಎರಡರಲ್ಲೂ ಇದೆ. ಸೆಟ್ಟಿಂಗ್ಸಿನೊಳಗೆ ಹೋಗಿ ಒಬ್ಬರ ಹೆಸರು ಕೊಡಿ, ಕೊಟ್ಟಿದ್ದೀರೆಂದು ಅವರಿಗೂ ಹೇಳಿ.